ವರದಿಯಲ್ಲಿ ಶೇಕಡಾ 30 ಎಂದಿದೆ: ಮೊಸಾಯಿಕ್ ಡೌನ್ ಸಿಂಡ್ರೋಮ್ ಇರುವ ಮಗಳ ಬಗ್ಗೆ

ಪ್ರಶ್ನೆ

ನಮ್ಮ ಮಗಳಿಗೆ ಈಗ 14 ತಿಂಗಳು. ಹುಟ್ಟಿದಾಗ ಯಾರಿಗೂ ಅನುಮಾನ ಬಂದಿರಲಿಲ್ಲ. ಕತ್ತು ನಿಲ್ಲುವುದು ತಡವಾಯಿತು, ಆಸರೆಯಿಲ್ಲದೆ ಕೂರಲು 11 ತಿಂಗಳು ಹಿಡಿಯಿತು, ಎತ್ತಿಕೊಂಡರೆ ಮೈ ಬಹಳ ಸಡಿಲವೆನಿಸುತ್ತಿತ್ತು. ಮಕ್ಕಳ ವೈದ್ಯರು ಕ್ಯಾರಿಯೋಟೈಪ್ ಪರೀಕ್ಷೆ (ರಕ್ತದ ಕೋಶಗಳಲ್ಲಿ ವರ್ಣತಂತುಗಳನ್ನು ಎಣಿಸುವ ಪರೀಕ್ಷೆ) ಮಾಡಿಸಿದರು. ಎಣಿಸಿದ 20 ಜೀವಕೋಶಗಳ ಪೈಕಿ 6ರಲ್ಲಿ 21ನೆಯ ವರ್ಣತಂತು ಒಂದು ಹೆಚ್ಚಾಗಿದೆ, ಉಳಿದ 14 ಸಾಮಾನ್ಯವಾಗಿವೆ, ಆದ್ದರಿಂದ ಇದು ಮೊಸಾಯಿಕ್ ಡೌನ್ ಸಿಂಡ್ರೋಮ್ ಎಂದು ವರದಿ ಬಂದಿದೆ.

ಅಂದಿನಿಂದ ‘ಶೇಕಡಾ 30’ ಎಂಬುದೊಂದೇ ನನ್ನ ತಲೆಯಲ್ಲಿ ಸುತ್ತುತ್ತಿದೆ. ಅಷ್ಟು ಕೋಶಗಳಲ್ಲಿ ಮಾತ್ರ ವ್ಯತ್ಯಾಸವಿದ್ದರೆ ಅವಳ ಕಲಿಕೆಯೂ ಅಷ್ಟರ ಮಟ್ಟಿಗೆ ಮಾತ್ರ ಹಿಂದುಳಿಯುತ್ತದೆ ಎಂದು ನಂಬಬಹುದೇ? ಮುಖ ನೋಡಿದರೆ ಏನೂ ತಿಳಿಯುವುದಿಲ್ಲ, ಯಾರಿಗೂ ಹೇಳುವುದು ಬೇಡ, ಕೆಲವು ಮಕ್ಕಳು ನಿಧಾನ, ತಾನಾಗಿಯೇ ಸರಿಹೋಗುತ್ತದೆ ಎಂದು ನಮ್ಮ ಅತ್ತೆಯವರು ಹೇಳುತ್ತಾರೆ. ಅದು ಮೊಮ್ಮಗಳ ಮೇಲಿನ ಪ್ರೀತಿಯಿಂದ ಬಂದ ಮಾತೆಂದು ನನಗೆ ಗೊತ್ತು. ಆದರೆ ಹೃದಯ, ಥೈರಾಯ್ಡ್, ಕಿವಿಯ ಪರೀಕ್ಷೆಗಳನ್ನೆಲ್ಲ ಇಷ್ಟು ಚಿಕ್ಕ ಮಗುವಿಗೆ ಮಾಡಿಸುವ ಅಗತ್ಯ ನಿಜವಾಗಿಯೂ ಇದೆಯೇ ಎಂಬ ಗೊಂದಲ ನನಗೂ ಇದೆ. ಇದೇ ಸ್ಥಿತಿಯ ಮಗುವನ್ನು ಬೆಳೆಸಿದವರು ದಯವಿಟ್ಟು ತಿಳಿಸಿ.

ಮೊದಲ ಉತ್ತರ (9 ವರ್ಷದ ಮಗನ ತಂದೆ)

ನಿಮ್ಮಂತೆಯೇ ನಾನೂ ಒಂದು ಸಂಖ್ಯೆಗೆ ಅಂಟಿಕೊಂಡು ಒಂದಿಡೀ ವರ್ಷ ಕಳೆದವನು, ಆದ್ದರಿಂದ ಅದರ ಬಗ್ಗೆಯೇ ಬರೆಯುತ್ತೇನೆ. ಶೇಕಡಾ 30 ಎಂಬುದು ನಿಮ್ಮ ಮಗಳ ಇಡೀ ದೇಹದ ಲೆಕ್ಕವಲ್ಲ; ಒಂದು ದಿನ ತೆಗೆದ ರಕ್ತದಲ್ಲಿ ಎಣಿಸಿದ 20 ಕೋಶಗಳ ಲೆಕ್ಕ. ಅದರಲ್ಲಿ ಎರಡು ಕೋಶ ಆಚೀಚೆ ಆಗಿದ್ದರೂ ವರದಿಯಲ್ಲಿ 20 ಅಥವಾ 40 ಎಂದಿರುತ್ತಿತ್ತು. ನೂರಾರು ಕೋಶಗಳನ್ನು ನೋಡುವ ಫಿಶ್ ಪರೀಕ್ಷೆಯೂ ಇದೆ, ಆದರೆ ರಕ್ತದ ಮೇಲೆ ಮಾಡಿದರೆ ಅದು ಹೇಳುವುದೂ ರಕ್ತದ ಸಂಗತಿಯನ್ನೇ.

ಭ್ರೂಣ ಬೆಳೆಯತೊಡಗಿದ ದಿನಗಳಲ್ಲಿ ಒಂದು ಸಾಮಾನ್ಯ ಕೋಶ ವಿಭಜನೆಯಾಗುವಾಗ ವರ್ಣತಂತುಗಳು ಸರಿಯಾಗಿ ಬೇರ್ಪಡದೆ ಒಂದು ಹೆಚ್ಚು ಉಳಿದುಕೊಂಡಿರಬಹುದು, ಇಲ್ಲವೇ ಮೊದಲಿನಿಂದಲೂ 47 ವರ್ಣತಂತುಗಳಿದ್ದ ಭ್ರೂಣದ ಒಂದು ಕೋಶ ಹೆಚ್ಚಿನದನ್ನು ಕಳೆದುಕೊಂಡು ಸಾಮಾನ್ಯ ಸಂಖ್ಯೆಯಾದ 46ಕ್ಕೆ ಬಂದಿರಬಹುದು. ಮುಂದೆ ಆ ಎರಡು ಬಗೆಯ ಕೋಶಗಳು ಬೆಳೆಯುತ್ತ ಹೋದಂತೆ ಯಾವ ಅಂಗಕ್ಕೆ ಯಾವುದು ಎಷ್ಟು ಸೇರಿತು ಎಂಬುದು ಒಂದೊಂದು ಅಂಗಕ್ಕೆ ಒಂದೊಂದು ಬಗೆ. ನನ್ನ ಮಗನ ರಕ್ತದಲ್ಲಿ ಕಂಡ ಪ್ರಮಾಣಕ್ಕೂ ಕೆನ್ನೆಯ ಒಳಭಾಗದಿಂದ ತೆಗೆದ ಕೋಶಗಳಲ್ಲಿ ಕಂಡ ಪ್ರಮಾಣಕ್ಕೂ ತಾಳೆಯೇ ಆಗಲಿಲ್ಲ. ಮೆದುಳಿನಲ್ಲಿ ಎಷ್ಟಿದೆ ಎಂದು ಯಾರೂ ತೆಗೆದು ನೋಡಲಾರರು. ಒಟ್ಟಾರೆಯಾಗಿ ನೋಡಿದಾಗ ಮೊಸಾಯಿಕ್ ಇರುವ ಮಕ್ಕಳ ಕಲಿಕೆ, ಎಲ್ಲ ಕೋಶಗಳಲ್ಲೂ ಹೆಚ್ಚಿನ ವರ್ಣತಂತು ಇರುವ ಮಕ್ಕಳಿಗಿಂತ ಸರಾಸರಿಯಲ್ಲಿ ತುಸು ಮುಂದಿರುವುದು ನಿಜವಾದರೂ, ಆ ಸರಾಸರಿಯಿಂದ ನಿಮ್ಮ ಮಗಳೊಬ್ಬಳ ನಾಳೆಯನ್ನು ಹೇಳಲು ಬರುವುದಿಲ್ಲ.

ಇನ್ನೊಂದು ಮಾತು. ಗರ್ಭಿಣಿಯಾಗಿದ್ದಾಗ ನೀವು ಮಾಡಿದ ಅಥವಾ ಮಾಡದೆ ಬಿಟ್ಟ ಯಾವ ಕೆಲಸದಿಂದಲೂ ಇದು ಆದದ್ದಲ್ಲ. ನೀವು ಕೇಳಿಲ್ಲ, ಆದರೆ ನನ್ನ ಹೆಂಡತಿ ಇದನ್ನು ಕೇಳಲಾಗದೆ ಎರಡು ವರ್ಷ ಒಳಗೊಳಗೇ ನೊಂದಿದ್ದಳು.

ಎರಡನೆಯ ಉತ್ತರ (ಮಕ್ಕಳ ವೈದ್ಯೆ)

ಡೌನ್ ಸಿಂಡ್ರೋಮ್ ಇರುವ 100 ಮಕ್ಕಳಲ್ಲಿ ಸುಮಾರು 95 ಮಕ್ಕಳಿಗೆ ಎಲ್ಲ ಕೋಶಗಳಲ್ಲೂ ಹೆಚ್ಚಿನ ವರ್ಣತಂತು ಇರುತ್ತದೆ. ಮೊಸಾಯಿಕ್ ಇರುವವರು ಒಬ್ಬಿಬ್ಬರು ಮಾತ್ರ. 1961ರಲ್ಲಿ ಮೊಸಾಯಿಕ್ ರೂಪವನ್ನು ವೈದ್ಯರು ಮೊದಲು ವಿವರಿಸಿದ್ದು ಒಂದು ಮಗುವಿನಲ್ಲಿ, ಆ ಮಗುವೂ ಬುದ್ಧಿಯಲ್ಲಿ ಚುರುಕಾಗಿತ್ತು. ‘ಸೌಮ್ಯ ರೂಪ’ ಎಂಬ ಮಾತನ್ನು ನೀವು ಹಲವರ ಬಾಯಲ್ಲಿ ಕೇಳುವಿರಿ, ಆದರೆ ಆ ಮಾತನ್ನು ನಂಬಿ ಯಾವ ಪರೀಕ್ಷೆಯನ್ನೂ ಬಿಡಬೇಡಿ. ಡೌನ್ ಸಿಂಡ್ರೋಮ್ ಇರುವ ಎಲ್ಲ ಮಕ್ಕಳಿಗೂ ಹೇಳುವ ಪರೀಕ್ಷೆಗಳೇ ನಿಮ್ಮ ಮಗಳಿಗೂ ಅನ್ವಯಿಸುತ್ತವೆ.

ಎಕೋ (ಹೃದಯದ ಸ್ಕ್ಯಾನ್) ಇನ್ನೂ ಆಗಿಲ್ಲವಾದರೆ ಅದನ್ನೇ ಮೊದಲು ಮಾಡಿಸಿ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹುಟ್ಟಿನಿಂದಲೇ ಹೃದಯದ ದೋಷವಿರುತ್ತದೆ, ಮತ್ತು ಸ್ಟೆತಸ್ಕೋಪಿಗೆ ಏನೂ ಕೇಳಿಸದಿದ್ದರೂ ದೋಷ ಇರಬಹುದು. ಥೈರಾಯ್ಡ್ ರಕ್ತಪರೀಕ್ಷೆ ಪ್ರತಿ ವರ್ಷವೂ ಬೇಕು, ಏಕೆಂದರೆ ಥೈರಾಯ್ಡ್ ಕಡಿಮೆಯಾದಾಗ ಕಾಣುವ ಮಂದತೆ, ಮಲಬದ್ಧತೆ, ನಿಧಾನ ಬೆಳವಣಿಗೆಗಳನ್ನು ‘ಅವಳ ಸ್ವಭಾವವೇ ಹಾಗೆ’ ಎಂದುಕೊಂಡು ಚಿಕಿತ್ಸೆ ಕೊಡಬಹುದಾದ ತೊಂದರೆಯನ್ನು ಹಾಗೆಯೇ ಬಿಟ್ಟುಬಿಡುವುದುಂಟು.

ಕಿವಿಯ ಬಗ್ಗೆ ನಾನು ಹೆಚ್ಚು ಒತ್ತಿ ಹೇಳುತ್ತೇನೆ. ಈ ಮಕ್ಕಳ ಕಿವಿಯ ನಾಳ ಕಿರಿದು, ಕಿವಿಪರದೆಯ ಹಿಂದೆ ದ್ರವ ನಿಲ್ಲುವುದು ಸಾಮಾನ್ಯ. ನೋವಿರುವುದಿಲ್ಲ, ಜ್ವರ ಬರುವುದಿಲ್ಲ, ಆದರೆ ಮಗುವಿಗೆ ಮಾತು ಮಸುಕಾಗಿ ಕೇಳಿಸುತ್ತದೆ. ಹುಟ್ಟಿದಾಗ ಮಾಡಿದ ಪರೀಕ್ಷೆಯಲ್ಲಿ ಕಿವಿ ಸರಿಯಿತ್ತು ಎಂದು ಸುಮ್ಮನಿರದೆ, ಈ ವಯಸ್ಸಿನಲ್ಲಿ 6 ತಿಂಗಳಿಗೊಮ್ಮೆ ನೋಡಿಸಬೇಕು. ಕಣ್ಣಿನ ತಪಾಸಣೆ ಮತ್ತು ರಕ್ತಕಣಗಳ ಎಣಿಕೆಯನ್ನೂ ಮಾಡಿಸಿ. 4 ವರ್ಷ ತುಂಬುವುದರೊಳಗೆ, ನಿದ್ರೆಯಲ್ಲಿ ಉಸಿರಾಟ ಹೇಗಿದೆ ಎಂದು ನೋಡುವ ನಿದ್ರೆಯ ಪರೀಕ್ಷೆಯೂ ಆಗಲಿ. ಮುಂದೆ ಎಂದಾದರೂ ಮಗು ಕತ್ತು ಓರೆ ಹಿಡಿದರೆ, ನಡೆಯುತ್ತಿದ್ದವಳು ಎಡವತೊಡಗಿದರೆ, ಮೂತ್ರದ ಹಿಡಿತ ತಪ್ಪಿದರೆ ಅದೇ ದಿನ ವೈದ್ಯರಿಗೆ ತೋರಿಸಿ, ಏಕೆಂದರೆ ಕತ್ತಿನ ಮೇಲಿನ ಮೂಳೆಗಳ ನಡುವಿನ ಕಟ್ಟುಗಳು ಸಡಿಲವಾಗಿದ್ದಾಗ ಬೆನ್ನುಹುರಿಗೆ ಒತ್ತಡ ಬೀಳಬಹುದು.

ಮೂರನೆಯ ಉತ್ತರ (ಒಬ್ಬ ತಾಯಿ)

ಯಾರಿಗೂ ಹೇಳಬೇಡಿ ಎಂಬ ಮಾತನ್ನು ನಾವು ಪಾಲಿಸಿದೆವು. ಅದರ ಫಲವನ್ನು ನನ್ನ ಮಗಳು ಉಂಡಳು. ಮುಖದಲ್ಲಿ ಕಾಣದಿದ್ದ ಕಾರಣ ಶಾಲೆಯಲ್ಲಿ ಅವಳನ್ನು ಹಟಮಾರಿ, ಸೋಮಾರಿ ಎಂದರು. ಎರಡು ಸೂಚನೆಗಳನ್ನು ಒಟ್ಟಿಗೆ ಕೊಟ್ಟಾಗ ಅವಳಿಗೆ ಮೊದಲನೆಯದು ಮರೆತುಹೋಗುತ್ತಿತ್ತು, ಅಷ್ಟೇ. ಚಿತ್ರ ತೋರಿಸಿ ಹೇಳಿದರೆ ಅದೇ ಕೆಲಸವನ್ನು ಚೆನ್ನಾಗಿ ಮಾಡುತ್ತಿದ್ದಳು, ಆದರೆ ಕಾರಣ ಗೊತ್ತಿಲ್ಲದ ಶಿಕ್ಷಕಿ ಹಾಗೇಕೆ ಮಾಡಬೇಕು? ಬೀದಿಯಲ್ಲಿ ಕಂಡವರಿಗೆಲ್ಲ ಹೇಳಬೇಕಿಲ್ಲ ಎಂಬುದನ್ನು ಒಪ್ಪುತ್ತೇನೆ. ಅವಳನ್ನು ದಿನವೂ ನೋಡಿಕೊಳ್ಳುವವರಿಗೆ, ಕಲಿಸುವವರಿಗೆ ಹೇಳಿ. ತಿಳಿಯುವ ವಯಸ್ಸಾದಾಗ ಅವಳಿಗೂ ಹೇಳಿ.

ಇನ್ನು ಫಿಸಿಯೋಥೆರಪಿಯನ್ನು ಈ ವಾರವೇ ಆರಂಭಿಸಿ. ಕಾಲುಗಳನ್ನು ತೀರ ಅಗಲಿಸಿ ಕೂರುವ ಅಭ್ಯಾಸ, ಮೊಣಕಾಲನ್ನು ಬಿಗಿದು ನಿಲ್ಲುವ ಅಭ್ಯಾಸ ಇಂತಹ ಮಕ್ಕಳಿಗೆ ಸುಲಭವಾಗಿ ಬರುತ್ತದೆ, ಒಮ್ಮೆ ಬಂದರೆ ಬಿಡಿಸುವುದು ಕಷ್ಟ. ವಾಕರಿನಲ್ಲಿ ಕೂರಿಸದೆ ನೆಲದ ಮೇಲೆ ಆಡಲು ಬಿಡಿ. ಡೌನ್ ಸಿಂಡ್ರೋಮ್ ಇರುವ ಹಲವು ಮಕ್ಕಳು ನಡೆಯುವುದು 2 ವರ್ಷದ ಆಸುಪಾಸಿನಲ್ಲಿ, ಕೆಲವರು ಇನ್ನೂ ತಡವಾಗಿ, ದಿನ ಎಣಿಸಬೇಡಿ. ಮಾತು ಬರುವವರೆಗೂ ಕಾಯದೆ ‘ಬೇಕು’, ‘ಸಾಕು’, ‘ಇನ್ನೂ’ ಎಂಬ ಮಾತುಗಳಿಗೆ ಕೈಸನ್ನೆಗಳನ್ನು ಕಲಿಸಿ, ಸನ್ನೆಯ ಜೊತೆಗೆ ಪ್ರತಿ ಸಲವೂ ಬಾಯಲ್ಲೂ ಹೇಳಿ. ಸನ್ನೆ ಕಲಿತರೆ ಮಾತು ಬರುವುದಿಲ್ಲ ಎಂಬ ಭಯ ಬೇಡ. ಹೇಳಬೇಕಾದ್ದು ಮನಸ್ಸಿನಲ್ಲಿದ್ದೂ ಹೇಳಲಾಗದ ಮಗುವಿನ ಅಳು ಅದರಿಂದ ಎಷ್ಟೋ ಕಡಿಮೆಯಾಗುತ್ತದೆ.

ಪ್ರಶ್ನೆ ಕೇಳಿದವರು

ನಿಮ್ಮೆಲ್ಲರ ಉತ್ತರಗಳನ್ನು ಅತ್ತೆಯವರಿಗೆ ಓದಿ ಹೇಳಿದೆ. ಶಾಲೆಯ ಸಂಗತಿ ಬಂದಾಗ ಅವರು ಇನ್ನೊಮ್ಮೆ ಓದಲು ಹೇಳಿದರು. ಎಕೋ ಪರೀಕ್ಷೆಗೆ ಸೋಮವಾರ ಸಮಯ ಸಿಕ್ಕಿದೆ, ಕಿವಿಯ ವೈದ್ಯರನ್ನು ಅದೇ ವಾರ ನೋಡುತ್ತೇವೆ. ಅತ್ತೆಯವರಿಗೆ ಎಲ್ಲವೂ ಒಪ್ಪಿಗೆಯಾಗಿದೆ ಎನ್ನಲಾರೆ, ನೆಂಟರಿಗೆ ಈಗಲೇ ಹೇಳುವುದು ಬೇಡ ಎಂದೇ ಅನ್ನುತ್ತಾರೆ. ಆದರೆ ನಿನ್ನೆ ಸಂಜೆ ಮೊಮ್ಮಗಳನ್ನು ಎದುರಿಗೆ ಕೂರಿಸಿಕೊಂಡು, ‘ಇನ್ನೂ’ ಎಂಬುದಕ್ಕೆ ಕೈಯನ್ನು ಹೇಗೆ ಹಿಡಿಯಬೇಕು ಎಂದು ನನ್ನನ್ನು ಕೇಳಿದರು.