ಸೀಸನ್ ಕೊನೆಗೆ ಗೆಲ್ಲುತ್ತಿದ್ದೇವೆ ಅಂತ ಬೆಂಗಳೂರು ಲೀಗ್‌ಗೆ ಹೊರಡೋದು ಸರೀನಾ?

ಬಿ.ಎಚ್. ರಸ್ತೆ ಗ್ಯಾಲರಿ:

ಸಾಗರದ ಕಡೆಯ ಒಂದು ಸಣ್ಣ ಫುಟ್‌ಬಾಲ್ ಕ್ಲಬ್‌ನ ಅಭಿಮಾನಿ ನಾನು. ಅಭಿಮಾನಿ ಅಂದರೆ ಚೆಂಡಿಗೆ ಗಾಳಿ ತುಂಬೋದು, ಸುಣ್ಣದ ಗೆರೆ ಎಳೆಯೋದು, ಲೆಕ್ಕದ ಪುಸ್ತಕ ಬರೆಯೋದು ಎಲ್ಲಾ ಸೇರಿ. ಕ್ಲಬ್ ಹೆಸರು ಬರೆಯಲ್ಲ. ಕಮಿಟಿಯವರೂ ಇಲ್ಲಿ ಓದುತ್ತಾರೆ.

ವಿಷಯ ಏನಪ್ಪಾ ಅಂದರೆ, ಹೋಳಿ ಆದಮೇಲೆ ನಾವು ಸೋತೇ ಇಲ್ಲ. ದೀಪಾವಳಿಯಿಂದ ಸಂಕ್ರಾಂತಿವರೆಗೆ ಏಟು ತಿಂದು ತಿಂದು ಪಟ್ಟಿಯ ತಳ ಕಂಡಿದ್ದ ತಂಡ ಈಗ ಮೇಲಿನ ಅರ್ಧದಲ್ಲಿದೆ. ಊರಲ್ಲಿ ಖುಷಿಯೋ ಖುಷಿ. ನನ್ನ ಬೈಕ್ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಬರೋರು ಬ್ರೇಕ್ ಶೂ ರೇಟ್ ಕೇಳೋ ಮೊದಲು ಮ್ಯಾಚ್ ಯಾವಾಗ ಅಂತ ಕೇಳುತ್ತಾರೆ. ಈ ಹುಮ್ಮಸ್ಸಲ್ಲಿ ನಮ್ಮ ಅಧ್ಯಕ್ಷರು ಮೊನ್ನೆ ಮೈಕ್ ಹಿಡಿದರು. ಬರೋ ವರ್ಷ ಬೆಂಗಳೂರಿನ ಸಿ ಡಿವಿಷನ್, ಅಲ್ಲಿಂದ ಬಿ, ಎ, ಆಮೇಲೆ ಸೂಪರ್ ಡಿವಿಷನ್, ಕೊನೆಗೆ ದೇಶದ ಮಟ್ಟದ ಐ-ಲೀಗ್ ಅಂದುಬಿಟ್ಟರು. ಲೇಔಟ್ ಮಾಡೋ ಒಬ್ಬರು ದುಡ್ಡು ಹಾಕುತ್ತಾರಂತೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಸುಮ್ನೆ ಕೂರೋಕಾಗುತ್ತಾ?

ಆದರೆ ಸ್ಕೋರ್ ಪುಸ್ತಕ ಇರೋದು ನನ್ನ ಹತ್ತಿರ. ಅದು ಹೇಳೋ ಕಥೆ ಬೇರೆ. ನಮ್ಮ ತಂಡದಲ್ಲಿ ಓದೋ ಹುಡುಗರು ಕಡಿಮೆ, ದುಡಿಯೋರು ಜಾಸ್ತಿ. ದೀಪಾವಳಿ ಹೊತ್ತಿಗೆ ಅಡಿಕೆ ಕೊಯ್ಲು ಶುರುವಾದರೆ ಅರ್ಧ ತಂಡ ತೋಟದಲ್ಲಿ. ನಮ್ಮ ಲೆಫ್ಟ್ ಬ್ಯಾಕ್, ಅಂದರೆ ಎಡಗಡೆ ಡಿಫೆನ್ಸ್ ಆಡೋ ಹುಡುಗನ್ನೇ ತಗೊಳ್ಳಿ. ಡಿಸೆಂಬರ್‌ನ ಒಂದು ಭಾನುವಾರ ರಾತ್ರಿಯೆಲ್ಲಾ ಅಡಿಕೆ ಸುಲಿದು ನೇರ ಗ್ರೌಂಡಿಗೆ ಬಂದಿದ್ದ. ಬೆರಳೆಲ್ಲಾ ಕಪ್ಪು, ಕಣ್ಣು ಕೆಂಪು. ಥ್ರೋ ಹಾಕೋಕೆ ಚೆಂಡು ಎತ್ತಿದವನು ಹಾಗೇ ಒಂದು ಕ್ಷಣ ನಿಂತುಬಿಟ್ಟ, ಯಾರಿಗೆ ಎಸೀಬೇಕು ಅಂತಾನೇ ಹೊಳೀಲಿಲ್ಲ. ಅವನ ಕಡೆಯಿಂದಲೇ ಎರಡು ಗೋಲು ಬಿತ್ತು. ಅದೇ ಹುಡುಗ ಏಪ್ರಿಲ್‌ನಲ್ಲಿ ಅಂಚಿನುದ್ದಕ್ಕೂ ಓಡಿ ಗೋಲಿನ ಮುಂದಕ್ಕೆ ಕ್ರಾಸ್ ಹಾಕುತ್ತಾನೆ. ಕಲಿತಿದ್ದೇನಲ್ಲ. ನಿದ್ದೆ ಆಗಿದೆ, ಅಷ್ಟೇ.

ಎದುರಾಳಿಗಳದ್ದು ಉಲ್ಟಾ. ಅವರಲ್ಲಿ ಮುಕ್ಕಾಲು ಪಾಲು ಹೈಸ್ಕೂಲು, ಕಾಲೇಜು ಹುಡುಗರು. ಮಾರ್ಚ್ ಬಂದರೆ ಪಿಯು ಪರೀಕ್ಷೆ, ಅದರ ಬೆನ್ನಿಗೇ ಎಸ್ಸೆಸ್ಸೆಲ್ಸಿ. ಆಮೇಲೆ ಹಾಸ್ಟೆಲ್ ಖಾಲಿ. ಹೋದ ತಿಂಗಳು ಒಂದು ತಂಡ ಹತ್ತೇ ಜನರನ್ನ ಇಳಿಸಿತ್ತು, ಅದರಲ್ಲಿ ಒಬ್ಬ ಅವರ ಕೋಚ್! ಅವರನ್ನ ಸೋಲಿಸಿ ನಾವು ಪಟಾಕಿ ಹೊಡೆದೆವು.

ಇನ್ನೊಂದು, ಕೊನೆಯ ಮ್ಯಾಚ್‌ಗಳು ಹೆಚ್ಚಿನವು ನಮ್ಮ ಗ್ರೌಂಡಿನಲ್ಲೇ ಆದವು. ನಮ್ಮ ಗ್ರೌಂಡ್ ನೋಡಿದವರಿಗೆ ಗೊತ್ತು, ಕೆರೆ ಕಡೆಯ ಗೋಲಿನತ್ತ ಇಳಿಜಾರು. ಸೆಕೆಂಡ್ ಹಾಫ್‌ನಲ್ಲಿ ಆ ಕಡೆಗೆ ಹೊಡೆಯೋ ಹಾಗೆ ಸಿಕ್ಕರೆ ಸುಸ್ತಾದ ಡಿಫೆಂಡರ್‌ಗಳ ಹಿಂದೆ ಚೆಂಡು ಎಸೆದರೆ ಸಾಕು, ಅದೇ ಉರುಳಿಕೊಂಡು ಹೋಗುತ್ತೆ.

ನನ್ನ ಪ್ರಶ್ನೆ ಇಷ್ಟೇ. ಇಂಥ ಫಾರ್ಮ್ ನಂಬಿ ಸಣ್ಣ ಕ್ಲಬ್ ದೊಡ್ಡ ಯೋಜನೆ ಹಾಕಬಹುದಾ? ದುಡ್ಡು ಬರುತ್ತೆ ಅಂತಾದರೆ ಮೊದಲು ಯಾವುದಕ್ಕೆ ಹಾಕಬೇಕು? ಮಳೆ ಹಿಡಿಯೋ ಮೊದಲು ಕಮಿಟಿ ಸಭೆ ಇದೆ.

ಶರಾವತಿ ಸ್ಟ್ರೈಕರ್:

ಅಣ್ಣ, ಬೇಜಾರು ಮಾಡ್ಕೋಬೇಡಿ, ನೀವು ಗೆದ್ದಾಗಲೂ ಅಳೋ ಪೈಕಿ. ಹುಡುಗರು ಗೆದ್ದಿದ್ದಾರೆ, ಖುಷಿಪಡಿ.

ಕೊನೆಯ ಫಾರ್ಮ್‌ಗೆ ಬೆಲೆ ಇಲ್ಲ ಅನ್ನೋದಾದರೆ ಇಂಗ್ಲೆಂಡಿನ ಲೆಸ್ಟರ್ ಸಿಟಿ ನೆನಪು ಮಾಡಿಕೊಳ್ಳಿ. 2014-15ರಲ್ಲಿ ಕ್ರಿಸ್ಮಸ್ ಹೊತ್ತಿಗೆ ಪ್ರೀಮಿಯರ್ ಲೀಗ್‌ನ ಕೊನೆಯ ಸ್ಥಾನ. ಏಪ್ರಿಲ್‌ನಿಂದ ಕೊನೆಯ 9 ಮ್ಯಾಚ್‌ಗಳಲ್ಲಿ 7 ಗೆದ್ದು 14ನೇ ಸ್ಥಾನಕ್ಕೆ ಬಂದರು. ಮುಂದಿನ ವರ್ಷ ಚಾಂಪಿಯನ್! ಆಗಲೂ ಯಾರೋ ಒಬ್ಬರು ಪುಸ್ತಕ ಹಿಡಿದುಕೊಂಡು ಇದೆಲ್ಲಾ ಅದೃಷ್ಟ ಅಂದಿರುತ್ತಾರೆ.

ನಮ್ಮ ದೇಶದ್ದೇ ಬೇಕಾದರೆ ಮಿಜೋರಾಂನ ಐಜಾಲ್ ಕ್ಲಬ್ ಇದೆ. 2015-16ರಲ್ಲಿ ಐ-ಲೀಗ್‌ನಿಂದ ಕೆಳಗೆ ಬಿದ್ದಿದ್ದ ತಂಡ. ಗೋವಾದ ಕ್ಲಬ್‌ಗಳು ಹಿಂದೆ ಸರಿದವು, ಇವರಿಗೆ ಜಾಗ ಸಿಕ್ಕಿತು. 2016-17ರಲ್ಲಿ ಮೋಹನ್ ಬಗಾನ್‌ಗಿಂತ ಒಂದೇ ಒಂದು ಪಾಯಿಂಟ್ ಮೇಲೆ ನಿಂತು ಕಪ್ ಹೊಡೆದರು. ಅವರದ್ದೂ ಬೆಟ್ಟದ ಊರು. ಅವಕಾಶ ಬಂದಾಗ ಬೇಡ ಅಂದಿದ್ದರೆ?

ಬೆಂಗಳೂರಿಗೆ ಹೋಗಲಿ ಬಿಡಿ ಮಾರಾಯ್ರೆ. ಸೋತರೆ ಸೋಲ್ತಾರೆ. ನಮ್ಮ ಜಿಲ್ಲೆಯಲ್ಲೇ ಸುತ್ತಿ ಸುತ್ತಿ ಅದೇ ನಾಲ್ಕು ತಂಡದ ಜೊತೆ ಆಡಿಕೊಂಡಿದ್ದರೆ ಹುಡುಗರನ್ನ ಯಾರು ನೋಡುತ್ತಾರೆ? ಆ ಲೆಫ್ಟ್ ಬ್ಯಾಕ್ ಇಪ್ಪತ್ತೈದು ದಾಟೋದರೊಳಗೆ ಯಾರಾದರೂ ನೋಡಬೇಕಲ್ವಾ.

ಅಶೋಕನಗರದಿಂದ ಸಾಗರದವ:

ನಾನು ಬೆಂಗಳೂರಲ್ಲಿರೋದು. ಕೆಲಸ ಬೇಗ ಮುಗಿದ ದಿನ ಇಲ್ಲಿನ ಫುಟ್‌ಬಾಲ್ ಸ್ಟೇಡಿಯಂಗೆ ಹೋಗಿ ಕೂರುತ್ತೇನೆ. ಸ್ಟ್ರೈಕರ್ ಅವರೇ, ನಿಮ್ಮ ಎರಡೂ ಉದಾಹರಣೆ ಅರ್ಧಕ್ಕೇ ನಿಂತಿವೆ.

ಲೆಸ್ಟರ್‌ನಲ್ಲಿ ವಾರ್ಡಿ, ಮಹ್ರೆಜ್‌ನಂಥ ಆಟಗಾರರು ಮೊದಲೇ ಇದ್ದರು. ಆ ಬೇಸಿಗೆಯಲ್ಲಿ ಕಾಂಟೆ ಬಂದ. ಫಾರ್ಮ್ ಮುಂದಿನ ವರ್ಷಕ್ಕೆ ದಾಟಿದ್ದು ಆಡೋರು ಅಲ್ಲೇ ಉಳಿದಿದ್ದಕ್ಕೆ. ಅದೇ ಕ್ಲಬ್ 2023ರಲ್ಲಿ ಒಮ್ಮೆ, 2025ರಲ್ಲಿ ಇನ್ನೊಮ್ಮೆ ಕೆಳಗೆ ಬಿತ್ತು. ಐಜಾಲ್ ಕಪ್ ಗೆದ್ದ ಬೆನ್ನಲ್ಲೇ ಕೋಚ್ ಖಾಲಿದ್ ಜಮೀಲ್ ಈಸ್ಟ್ ಬೆಂಗಾಲ್‌ಗೆ ಹೋದರು, ಮಿಡ್‌ಫೀಲ್ಡ್‌ನ ಅಲ್ ಅಮ್ನಾನೂ ಹೋದ. ಸಣ್ಣ ಕ್ಲಬ್ ಗೆದ್ದರೆ ಮೊದಲು ಬರೋದು ದೊಡ್ಡ ಕ್ಲಬ್‌ನ ಫೋನು.

ಈಗ ನಿಮ್ಮ ವಿಷಯ. ಇಲ್ಲಿ ಮ್ಯಾಚ್ ಭಾನುವಾರವೇ ಇರುತ್ತೆ ಅಂತ ತಿಳ್ಕೋಬೇಡಿ. ಕೆಲಸದ ದಿನ ಮಧ್ಯಾಹ್ನವೂ ಹಾಕುತ್ತಾರೆ. ಸಾಗರದಿಂದ ರಾತ್ರಿ ರೈಲು ಹತ್ತಿ, ಬೆಳಗ್ಗೆ ಇಳಿದು, ಎಲ್ಲೋ ಮುಖ ತೊಳೆದು, ಮಧ್ಯಾಹ್ನ ಆಡಿ, ಮತ್ತೆ ರಾತ್ರಿ ರೈಲು. ಹದಿನೆಂಟು ಜನರ ಟಿಕೆಟ್, ಊಟ, ಎರಡು ದಿನದ ಕೂಲಿ. ಇದನ್ನ ಲೆಕ್ಕದ ಪುಸ್ತಕದಲ್ಲಿ ಬರೆದು ನೋಡಿ. ಬೆಂಗಳೂರಿನ ಲೀಗ್ ನಿಮ್ಮ ಕೊಯ್ಲು ಮುಗೀತಾ ಅಂತ ಕೇಳಿ ಶುರುವಾಗಲ್ಲ.

ಶೂ ಕೂಡ ಬೇರೆ ಬೇಕು. ಈ ಸ್ಟೇಡಿಯಂನಲ್ಲಿರೋದು ಪ್ಲಾಸ್ಟಿಕ್ ಹುಲ್ಲು. ಕೆಮ್ಮಣ್ಣಲ್ಲಿ ಆಡೋ ಉದ್ದ ಸ್ಟಡ್ (ಅಡಿಯ ಮುಳ್ಳು) ಇರೋ ಶೂ ಹಾಕಿಕೊಂಡು ಬಂದರೆ ಕಾಲು ಅಲ್ಲೇ ಕಚ್ಚಿಕೊಂಡು ಮೊಣಕಾಲು ತಿರುಗುತ್ತೆ.

ಮೇಲೆ ಹೋಗೋದು ಕಷ್ಟ, ನಿಲ್ಲೋದು ಅದಕ್ಕಿಂತ ಕಷ್ಟ. ಎಸ್‌ಸಿ ಬೆಂಗಳೂರು 2023-24ರಲ್ಲಿ ಐ-ಲೀಗ್‌ನ ಕೆಳಗಿನ ದರ್ಜೆ ಐ-ಲೀಗ್ 2 ಗೆದ್ದು ಮೇಲೆ ಹೋಯಿತು. ಮುಂದಿನ ಸೀಸನ್‌ಗೇ ವಾಪಸ್ ಕೆಳಗೆ. ಅದು ಬೆಂಗಳೂರಲ್ಲೇ ಇರೋ, ಅಕಾಡೆಮಿ ಇರೋ ಕ್ಲಬ್.

ದುಡ್ಡು ಹಾಕೋರ ಬಗ್ಗೆಯೂ ಒಂದು ಮಾತು. ಪಂಜಾಬಿನ ಜೆಸಿಟಿ ಅಂತ ಮಿಲ್ ತಂಡ ಇತ್ತು. ದೇಶದ ಮೊದಲ ನ್ಯಾಷನಲ್ ಫುಟ್‌ಬಾಲ್ ಲೀಗ್ ಗೆದ್ದವರು. 2011ರಲ್ಲಿ ಕಂಪನಿ ಸಾಕು ಅಂದಿತು, ಬಾಗಿಲು ಮುಚ್ಚಿತು. ಅದರ ಹಿಂದಿನ ವರ್ಷ ಮುಂಬೈಯ ಮಹೀಂದ್ರಾ ಯುನೈಟೆಡ್‌ಗೂ ಇದೇ ಗತಿ. ಅಂಥ ದೊಡ್ಡ ಕಂಪನಿಗಳೇ ಕೈ ಬಿಟ್ಟವು. ನಿಮ್ಮ ಲೇಔಟಿನವರು ಸೈಟು ಮಾರಾಟ ಆಗದ ವರ್ಷ ಏನು ಮಾಡುತ್ತಾರೆ?

ಹಳೇ ಗೋಲಿ, ಭದ್ರಾವತಿ:

ಇಬ್ಬರೂ ಇಂಗ್ಲೆಂಡು, ಪಂಜಾಬು ಸುತ್ತಿ ಬಂದಿರಿ. ನಾನು ಗೋಲ್ ಪೋಸ್ಟ್ ಹತ್ತಿರದ ಮಾತು ಹೇಳುತ್ತೇನೆ.

ನಿಮ್ಮ ಗ್ರೌಂಡಲ್ಲಿ ಆಡಿದ್ದೇನೆ. ಇಳಿಜಾರು ಬಿಡಿ, ಕೆರೆ ಕಡೆಯ ಗೋಲಿನ ಮುಂದೆ ಒಂದು ಹೊಂಡ ಇದೆ. ಇದೆ ತಾನೇ? ಕೀಪರ್‌ಗಳು ಕಾಲು ಕೆರೆದು ಕೆರೆದು ಆದ ಹೊಂಡ. ಒಂದು ಮಳೆ ಬಿದ್ದರೆ ಅಲ್ಲಿ ಮೊಣಕಾಲುದ್ದ ಕೆಂಪು ನೀರು. ಚೆಂಡು ಬಂದು ಸೊಪ್ಪಿನ ಬೆಟ್ಟದ ದರಕು (ಒಣಗಿದ ಎಲೆ) ರಾಶಿಗೆ ಬಿದ್ದ ಹಾಗೆ ತಟಸ್ಥ. ಮುಂದೆ ಹೋಗಲಾ, ನಿಲ್ಲಲಾ ಅಂತ ಕೀಪರ್ ಒದ್ದಾಡಬೇಕು. ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಿಮ್ಮಲ್ಲಿ ಪ್ರಾಕ್ಟೀಸೇ ಇಲ್ಲ. ದೀಪಾವಳಿಗೆ ಲೀಗ್ ಶುರುವಾದಾಗ ಹುಡುಗರ ಹೊಟ್ಟೆ ಮುಂದೆ, ಚೆಂಡು ಹಿಂದೆ. ಡಿಸೆಂಬರ್ ಸೋಲಿಗೆ ಬರೀ ಅಡಿಕೆ ಕಾರಣ ಅಲ್ಲ ಸ್ವಾಮಿ, ಈ ನಾಲ್ಕು ತಿಂಗಳೂ ಕಾರಣ.

ಅದಕ್ಕೇ ಹೇಳೋದು, ದುಡ್ಡು ಬಂದರೆ ಮೊದಲು ನೆಲಕ್ಕೆ ಹಾಕಿ. ಗ್ರೌಂಡಿನ ಮೇಲಿನ ಅಂಚಿಗೆ ಒಂದು ಕಪ್ಪು, ಅಂದರೆ ನೀರು ಹೋಗೋ ಕಾಲುವೆ ಹೊಡೆಸಿ, ಗುಡ್ಡದ ನೀರು ಒಳಗೆ ಬರದ ಹಾಗೆ. ತೋಟಕ್ಕೆ ಹೊಡೆಸಲ್ವಾ, ಅದೇ ರೀತಿ. ಗೋಲಿನ ಮುಂದೆ ಹಳೇ ಮಣ್ಣು ತೆಗೆದು, ಕೆಳಗೆ ಜಲ್ಲಿ, ಮೇಲೆ ಮರಳು ಬೆರೆಸಿದ ಮಣ್ಣು ಹಾಕಿ ರೋಲರ್ ಹೊಡೆಸಿ. ಜುಲೈನ ಜಡಿಮಳೆಯಲ್ಲಿ ಆಗ್ಲೂ ಆಡೋಕಾಗಲ್ಲ, ನಿಜ. ಆದರೆ ಆಗಸ್ಟ್‌ನಲ್ಲಿ ಮಳೆ ಬಿಡುವು ಕೊಡೋ ಹೊಳವಿನ ದಿನಗಳು ಸಿಗುತ್ತವೆ. ಒಂದು ತಿಂಗಳು ಮೊದಲು ತಯಾರಾದರೆ ಡಿಸೆಂಬರ್ ಬೇರೆ ಥರ ಇರುತ್ತೆ.

ಎರಡನೇದು ಕೋಚ್. ಈಗ ಇರೋರು ಒಳ್ಳೆಯ ಆಟಗಾರ, ಗೊತ್ತು. ಅವರನ್ನ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್‌ನ ಡಿ ಲೈಸೆನ್ಸ್ ಕೋಚಿಂಗ್ ಕೋರ್ಸ್‌ಗೆ ಕಳಿಸಿ. ಅದು ಕೆಳಗಿನ ಮೆಟ್ಟಿಲು, ಆಮೇಲೆ ಸಿ, ಬಿ, ಎ ಅಂತ ಹೋಗುತ್ತೆ. ಹನ್ನೆರಡು ವರ್ಷದ ಮಕ್ಕಳಿಗೆ ದೊಡ್ಡವರ ಐದನೇ ಸೈಜ್ ಚೆಂಡು ಕೊಟ್ಟು ಪೂರ್ತಿ ಗ್ರೌಂಡಲ್ಲಿ ಓಡಿಸೋದು ನಿಲ್ಲುತ್ತೆ. ನಾಲ್ಕನೇ ಸೈಜ್ ಕೊಡಿ, ಏಳೇಳು ಜನ ಆಡಲಿ. ಪ್ರತಿಯೊಬ್ಬನಿಗೂ ಚೆಂಡು ಸಿಗುತ್ತೆ.

ಬಿ.ಎಚ್. ರಸ್ತೆ ಗ್ಯಾಲರಿ:

ಹೊಂಡದ ವಿಷಯ ಹೇಳಿ ನಗಿಸಿದಿರಿ ಗೋಲಿ ಅಣ್ಣ. ಇದೆ, ಈಗ ಇನ್ನೂ ಅಗಲ ಆಗಿದೆ. ಮಳೆಗಾಲದ ನಾಲ್ಕು ತಿಂಗಳ ಲೆಕ್ಕ ನನ್ನ ಪುಸ್ತಕದಲ್ಲಿ ಇರಲಿಲ್ಲ. ಅಲ್ಲಿ ಮ್ಯಾಚ್‌ಗಳನ್ನ ಮಾತ್ರ ಬರೀತೀವಿ.

ಸ್ಟ್ರೈಕರ್ ಅವರೇ, ನಾನು ಅಳುಮುಂಜಿ ಅಲ್ಲ ಮಾರಾಯ್ರೆ. ದೊಡ್ಡ ಕನಸು ಬೇಡ ಅನ್ನೋನೂ ಅಲ್ಲ. 2023ರ ಮಾರ್ಚ್‌ನಲ್ಲಿ ಕರ್ನಾಟಕ ರಿಯಾದ್‌ನಲ್ಲಿ ಮೇಘಾಲಯವನ್ನ 3-2ರಿಂದ ಸೋಲಿಸಿ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಗೆದ್ದಾಗ ಅಂಗಡಿ ಶಟರ್ ಅರ್ಧ ಎಳೆದು ಮೊಬೈಲಲ್ಲಿ ನೋಡಿದವನು ನಾನು. 54 ವರ್ಷ ಆಗಿತ್ತು ಆ ಕಪ್ ನಮ್ಮ ರಾಜ್ಯಕ್ಕೆ ಬಂದು, ಮೈಸೂರು ರಾಜ್ಯ ಅಂತ ಇದ್ದಾಗಿನ ಮಾತು. ಮಲೆನಾಡಿನ ಹುಡುಗ ಅಂಥ ತಂಡದಲ್ಲಿ ಆಡಬೇಕು ಅಂತ ನನಗೂ ಇದೆ. ಆದರೆ ಹುಡುಗ ಹೋಗೋದು ಬೇರೆ, ಇಡೀ ಕ್ಲಬ್ಬನ್ನ ರೈಲು ಹತ್ತಿಸೋದು ಬೇರೆ. ಲೆಫ್ಟ್ ಬ್ಯಾಕ್‌ನಂಥವನನ್ನ ಬೆಂಗಳೂರಿನ ಟ್ರಯಲ್ಸ್‌ಗೆ ಕಳಿಸೋಣ. ಒಬ್ಬನ ಟಿಕೆಟ್ ನಾನೇ ಕೊಡುತ್ತೇನೆ.

ನನಗೆ ಇಷ್ಟವಾಗೋ ಕ್ಲಬ್ ಇಂಗ್ಲೆಂಡಿನ ಲೂಟನ್. 2009ರಲ್ಲಿ ಮೇಲಿನ ನಾಲ್ಕು ದರ್ಜೆಯ ಲೀಗ್‌ನಿಂದಲೇ ಆಚೆ ಬಿದ್ದರು, ಆ ವರ್ಷ 30 ಪಾಯಿಂಟ್ ದಂಡ ಬೇರೆ. ಐದು ವರ್ಷ ಐದನೇ ದರ್ಜೆಯಲ್ಲಿ ಆಡಿ 2014ರಲ್ಲಿ ವಾಪಸ್ ಬಂದರು, 2023ರಲ್ಲಿ ಪ್ರೀಮಿಯರ್ ಲೀಗ್. ಪೆಲ್ಲಿ ರಡಕ್ ಎಂಪಾಂಜು ಅನ್ನೋ ಒಬ್ಬನೇ ಆಟಗಾರ ಆ ಕೆಳಗಿನಿಂದ ಮೇಲಿನವರೆಗೂ ಜೊತೆಗಿದ್ದ. ಒಂದು ವರ್ಷಕ್ಕೇ ಮತ್ತೆ ಕೆಳಗೆ ಬಂದರು. 2025ರಲ್ಲಿ ಕೊನೆಯ ವಾರಗಳಲ್ಲಿ ಚೇತರಿಸಿಕೊಂಡು ಉಳಿದೇಬಿಟ್ಟರು ಅನ್ನೋ ಹೊತ್ತಿಗೆ ಕೊನೆಯ ದಿನ ವೆಸ್ಟ್ ಬ್ರಾಮ್ ಹತ್ತಿರ 5-3ರಿಂದ ಸೋತು ಇನ್ನೊಂದು ಮೆಟ್ಟಿಲು ಇಳಿದರು. ಕೊನೆಯ ಫಾರ್ಮ್ ಕೈ ಕೊಡೋದು ಹೀಗೆ.

ಸಭೆಯಲ್ಲಿ ಹೀಗೆ ಹೇಳೋಣ ಅಂತಿದ್ದೇನೆ. ಬರೋ ವರ್ಷ ಬೆಂಗಳೂರು ಬೇಡ. ಡಿಸೆಂಬರ್‌ನಲ್ಲಿ, ಕೊಯ್ಲಿನ ನಡುವೆ, ಎದುರಾಳಿಯ ಪೂರ್ತಿ ತಂಡದ ಮುಂದೆ ನಾವು ಹೇಗೆ ಆಡುತ್ತೇವೆ ನೋಡೋಣ. ಅಲ್ಲಿ ನಿಂತರೆ ಅಧ್ಯಕ್ಷರ ಮೈಕಿಗೆ ನಾನೇ ಬ್ಯಾಟರಿ ಹಾಕಿಕೊಡುತ್ತೇನೆ. ಲೇಔಟಿನವರ ದುಡ್ಡನ್ನ ಈ ಬೇಸಿಗೆಯಲ್ಲೇ ಗ್ರೌಂಡಿಗೆ ಹಾಕಿಸಬೇಕು. ಮೂರು ವರ್ಷ ದುಡ್ಡು ಹಾಕ್ತೀವಿ ಅಂತ ಬಾಯಿಮಾತಲ್ಲಿ ಅನ್ನೋದಕ್ಕಿಂತ ಒಂದು ಸಲ ಕಪ್ಪು ತೋಡಿಸಿಕೊಟ್ಟರೆ ಅವರು ಆಮೇಲೆ ಓಡಿಹೋದರೂ ಕಪ್ಪು ಎಲ್ಲಿಗೂ ಓಡಲ್ಲ.

ಶರಾವತಿ ಸ್ಟ್ರೈಕರ್:

ಸರಿ, ಡಿಸೆಂಬರ್ ಪರೀಕ್ಷೆ ಒಪ್ಪಿದೆ. ಆದರೆ ಅಧ್ಯಕ್ಷರ ಮುಂದೆ ಇದನ್ನ ಬೇಡ ಅಂತ ಶುರು ಮಾಡಬೇಡಿ, ಸಿಟ್ಟಾಗುತ್ತಾರೆ. ಬೆಂಗಳೂರಿಗೆ ಹೋಗೋ ತಯಾರಿ ಅಂತಲೇ ಹೇಳಿ. ಗ್ರೌಂಡಿಗೆ ದುಡ್ಡು ಕೊಟ್ಟವರ ಹೆಸರಿನ ಬೋರ್ಡ್ ರಸ್ತೆಗೆ ಕಾಣೋ ಹಾಗೆ ಹಾಕ್ತೀವಿ ಅಂದರೆ ಲೇಔಟಿನವರೂ ತಲೆ ಆಡಿಸುತ್ತಾರೆ.

ಹಳೇ ಗೋಲಿ, ಭದ್ರಾವತಿ:

ಬೋರ್ಡ್ ಐಡಿಯಾ ಚೆನ್ನಾಗಿದೆ. ಸಭೆಗೆ ಹೋಗೋ ಮೊದಲು ಜೆಸಿಬಿಯವರ ಹತ್ತಿರ ಗಂಟೆ ಬಾಡಿಗೆ, ಜಲ್ಲಿ ಲೋಡಿನ ರೇಟು ಎರಡೂ ಕೇಳಿಕೊಂಡು ಹೋಗಿ. ಮತ್ತೆ ತಡ ಮಾಡಬೇಡಿ. ಒಂದು ಹದ ಮಳೆ ಬಿದ್ದರೆ ನಿಮ್ಮ ಗ್ರೌಂಡಿಗೆ ಲಾರಿ ಇಳಿಯಲ್ಲ.