ಪುಟ್ಟಿಯ ಸ್ಟುಟ್‌ಗಾರ್ಟ್ ಪ್ರಶ್ನೆಗೆ ದೊಡ್ಡಪ್ಪನ ಉತ್ತರ

ಪುಟ್ಟೀ, ನಿನ್ನೆ ರಾತ್ರಿ ನೀನು ಕೇಳಿದ್ದನ್ನು ಬೆಳಗಿನ ಕಾಫಿಯ ಹೊತ್ತಿಗೆ ಓದಿದೆ. ಗ್ರೀನ್‌ಲ್ಯಾಂಡ್ ಎಂದು, ಸುಂಕ ಎಂದು ಅಮೆರಿಕಕ್ಕೂ ಯುರೋಪಿಗೂ ಇಷ್ಟೊಂದು ಜಗಳವಾಗಿರುವಾಗ ಜರ್ಮನಿಯ ಸ್ಟುಟ್‌ಗಾರ್ಟಿನ ಕೆಲಸಕ್ಕೆ ಒಪ್ಪಲೋ ಬೇಡವೋ, ಅವರೆಲ್ಲರ ಸೇನಾ ಒಕ್ಕೂಟವಾದ ನೇಟೋ ಒಡೆದುಹೋದರೆ ಅಲ್ಲಿ ನಮ್ಮಂಥವರ ಗತಿ ಏನು ಎಂದು ಬರೆದಿದ್ದೀಯೆ. ಟೈಪ್ ಮಾಡಲು ನನ್ನ ಕಣ್ಣು ಸಾಲದು, ಆದ್ದರಿಂದ ಮಾತಿನಲ್ಲೇ ಹೇಳುತ್ತಿದ್ದೇನೆ. ನಿನ್ನ ಅಪ್ಪನಿಗೂ ಕೇಳಿಸು, ಏಕೆಂದರೆ 2003ರಲ್ಲಿ ನಾನು ಅದೇ ಊರು ಬಿಟ್ಟು ಬಂದ ಕಥೆ ಅವನಿಗೆ ಅರ್ಧ ಮಾತ್ರ ಗೊತ್ತು.

ಮೊದಲೇ ಹೇಳಿಬಿಡುತ್ತೇನೆ: ದೇಶನಾಯಕರ ಬಿರುಸು ಮಾತು ಕೇಳಿ ನಿನ್ನ ಕೆಲಸದ ತೀರ್ಮಾನ ಮಾಡಬೇಡ.

ಆಗ ನಾವಿದ್ದದ್ದು ಸ್ಟುಟ್‌ಗಾರ್ಟಿನ ಫೈಹಿಂಗೆನ್ ಭಾಗದಲ್ಲಿ. ಯುರೋಪಿನಲ್ಲಿರುವ ಅಮೆರಿಕದ ಸೇನೆಯ ಮುಖ್ಯ ಕಚೇರಿ ಅಲ್ಲೇ, ಪ್ಯಾಚ್ ಬ್ಯಾರಕ್ಸ್ ಎಂಬ ಆವರಣದಲ್ಲಿದೆ. ನಿನ್ನ ದೊಡ್ಡಮ್ಮ ತರಕಾರಿ ತರಲು ಹೋಗುತ್ತಿದ್ದದ್ದು ಅದರ ಬೇಲಿಯ ಪಕ್ಕದಲ್ಲೇ. ಇರಾಕಿನ ಯುದ್ಧಕ್ಕೆ ಬರುವುದಿಲ್ಲವೆಂದು ಹೇಳಿಯೇ ಜರ್ಮನಿಯ ಚಾನ್ಸೆಲರ್ ಶ್ರೋಡರ್ 2002ರ ಚುನಾವಣೆ ಗೆದ್ದಿದ್ದರು. ಫ್ರಾನ್ಸಿನ ಶಿರಾಕ್ ಕೂಡ ಅದೇ ಮಾತು ಹಿಡಿದರು, ಬ್ರಿಟನ್ನಿನ ಬ್ಲೇರ್ ಆದರೋ ಅಮೆರಿಕದ ಅಧ್ಯಕ್ಷ ಬುಷ್ ಅವರ ಜೊತೆ ನಿಂತರು. ಜನವರಿಯಲ್ಲಿ ಅಮೆರಿಕದ ರಕ್ಷಣಾ ಕಾರ್ಯದರ್ಶಿ ರಮ್ಸ್‌ಫೆಲ್ಡ್ ಜರ್ಮನಿಯನ್ನೂ ಫ್ರಾನ್ಸನ್ನೂ ‘ಹಳೆಯ ಯುರೋಪ್’ ಎಂದು ಜರೆದರು; ಫೆಬ್ರವರಿ 15ರಂದು ಬರ್ಲಿನ್ನಿನ ಬೀದಿಗಳಲ್ಲಿ ಸುಮಾರು 5 ಲಕ್ಷ ಜನ ಸೇರಿದರು; ಮಾರ್ಚಿನಲ್ಲಿ ಫ್ರಾನ್ಸಿನ ಮೇಲಿನ ಸಿಟ್ಟಿಗೆ ಅಮೆರಿಕದ ಸಂಸತ್ತಿನ ಕ್ಯಾಂಟೀನಿನಲ್ಲಿ ಫ್ರೆಂಚ್ ಫ್ರೈಸ್ ಎಂಬ ಹೆಸರನ್ನೇ ತೆಗೆದು ‘ಫ್ರೀಡಂ ಫ್ರೈಸ್’ ಎಂದು ಬರೆದರು. ನಮ್ಮ ಕಾರ್ಖಾನೆಯ ಯಂತ್ರಗಳಲ್ಲಿ ಹೆಚ್ಚಿನವು ಅಮೆರಿಕಕ್ಕೇ ಹೋಗುತ್ತಿದ್ದವು. ದಿನವೂ ಇದನ್ನೇ ಟಿವಿಯಲ್ಲಿ ನೋಡಿ, ಇನ್ನು ಆರು ತಿಂಗಳಲ್ಲಿ ಆರ್ಡರು ನಿಲ್ಲುತ್ತದೆ ಎಂದು ನಾನು ನಂಬಿಬಿಟ್ಟೆ. ಎರಡು ವರ್ಷದ ಮುಂದುವರಿಕೆ ಪತ್ರ ಮೇಜಿನ ಮೇಲಿತ್ತು. ನಾನು ಸಹಿ ಹಾಕಲಿಲ್ಲ. ಮಗನನ್ನು ಶಾಲೆಯಿಂದ ನಡುವರ್ಷದಲ್ಲೇ ಬಿಡಿಸಿ, ಏಪ್ರಿಲ್‌ನಲ್ಲಿ ಮೈಸೂರಿಗೆ ಬಂದುಬಿಟ್ಟೆವು.

ಆರ್ಡರು ನಿಲ್ಲಲಿಲ್ಲ. ಆಗಸ್ಟಿನಲ್ಲಿ ಹಳೆಯ ಸಹೋದ್ಯೋಗಿ ಪತ್ರ ಬರೆದು, ಅಮೆರಿಕದ ಗಿರಾಕಿಗಳಿಗಾಗಿಯೇ ಎರಡನೆಯ ಪಾಳಿ ಆರಂಭವಾಗಿದೆ ಎಂದು ತಿಳಿಸಿದರು. ನಾನು ನೋಡದೆ ಹೋದದ್ದು ಏನೆಂದು ಆಮೇಲೆ ಅರ್ಥವಾಯಿತು. ಯುದ್ಧ ಬೇಡವೆಂದ ಅದೇ ಜರ್ಮನ್ ಸರ್ಕಾರ ಅಮೆರಿಕದ ವಿಮಾನಗಳಿಗೆ ತನ್ನ ಆಕಾಶವನ್ನು ಮುಚ್ಚಲಿಲ್ಲ, ರಾಮ್‌ಸ್ಟೈನ್ ಎಂಬಲ್ಲಿನ ಅಮೆರಿಕದ ವಾಯುನೆಲೆಯನ್ನು ನಿಲ್ಲಿಸಲಿಲ್ಲ, ಮೇಲಾಗಿ ತನ್ನ ದೇಶದಲ್ಲಿದ್ದ ಅಮೆರಿಕದ ನೆಲೆಗಳಿಗೆ ತನ್ನ ಸೈನಿಕರನ್ನೇ ಕಾವಲಿಗೆ ನಿಲ್ಲಿಸಿತ್ತು. ಅದಕ್ಕೂ ಒಂದೂವರೆ ವರ್ಷ ಹಿಂದೆ, ಸೆಪ್ಟೆಂಬರ್ 11ರ ದಾಳಿಯ ನಂತರ, ಒಬ್ಬರ ಮೇಲಿನ ದಾಳಿ ಎಲ್ಲರ ಮೇಲಿನ ದಾಳಿ ಎನ್ನುವ ತನ್ನ ಐದನೆಯ ವಿಧಿಯನ್ನು ನೇಟೋ ಮೊದಲ ಬಾರಿಗೆ ಜಾರಿ ಮಾಡಿದ್ದು ಅಮೆರಿಕಕ್ಕಾಗಿಯೇ. ಗ್ರೀನ್‌ಲ್ಯಾಂಡಿನ ಒಡೆಯನಾದ ಡೆನ್ಮಾರ್ಕ್ ಆಮೇಲೆ ಅಫ್ಘಾನಿಸ್ತಾನದಲ್ಲಿ 40ಕ್ಕೂ ಹೆಚ್ಚು ಸೈನಿಕರನ್ನು ಕಳೆದುಕೊಂಡಿತು. ಅಂಥವರ ನೆಲವನ್ನು ಕೊಡು ಎಂದು ಅಮೆರಿಕದ ಅಧ್ಯಕ್ಷ ಟ್ರಂಪ್ ಕೇಳಿದ್ದು ಸಣ್ಣ ನೋವಲ್ಲ, ಅದನ್ನು ನಾನು ಹಗುರಮಾಡುವುದಿಲ್ಲ. ಆದರೆ 1966ರಲ್ಲಿ ಅಧ್ಯಕ್ಷ ಡಿಗಾಲ್ ಫ್ರಾನ್ಸನ್ನು ನೇಟೋದ ಸೇನಾ ಆಡಳಿತದಿಂದಲೇ ಹೊರತಂದರು, ನೇಟೋ ಕಚೇರಿ ಪ್ಯಾರಿಸ್ ಬಿಟ್ಟು ಬ್ರಸೆಲ್ಸ್ ಸೇರಿತು; ಆಗಲೂ ಫ್ರಾನ್ಸ್ ಒಕ್ಕೂಟದ ಸದಸ್ಯನಾಗಿಯೇ ಉಳಿಯಿತು, 2009ರಲ್ಲಿ ಆ ಆಡಳಿತಕ್ಕೂ ಮರಳಿತು.

ಅದಕ್ಕೇ ಮತ್ತೆ ಹೇಳುತ್ತೇನೆ, ನಾಯಕರ ಬಿರುಸು ಮಾತು ಕೇಳಿ ನಿನ್ನ ಬದುಕಿನ ತೀರ್ಮಾನ ಮಾಡಬೇಡ ಮಗೂ.

ನನ್ನ ಹೆದರಿಕೆಗೆ ಟಿವಿಯೊಂದೇ ಕಾರಣವಲ್ಲ. ನನ್ನನ್ನು ಅಲ್ಲಿಗೆ ಕಳಿಸಿದ್ದ ಬೆಂಗಳೂರಿನ ಮಧ್ಯವರ್ತಿ ಸಂಸ್ಥೆಯವರು ಆ ಮಾರ್ಚಿನಲ್ಲಿ ದೂರವಾಣಿ ಮಾಡಿ, ಜರ್ಮನಿಯ ಮೇಲೆ ಅಮೆರಿಕ ಆರ್ಥಿಕ ನಿರ್ಬಂಧ ಹಾಕುವುದು ಖಚಿತ, ಮೂರು ದಿನದೊಳಗೆ ತೀರ್ಮಾನ ಹೇಳಿ ಎಂದು ಅವಸರಪಡಿಸಿದರು. ಅಂಥ ನಿರ್ಬಂಧವೇ ಬರಲಿಲ್ಲ. ಊರಿಗೆ ಬಂದ ಮೇಲೆ ಅದೇ ಜನ, ನೀವಾಗಿಯೇ ಬಿಟ್ಟು ಬಂದಿರಿ ಎಂದು ಎರಡು ತಿಂಗಳ ಸಂಬಳವನ್ನೂ ವಾಪಸ್ ಟಿಕೆಟಿನ ಹಣವನ್ನೂ ಹಿಡಿದುಕೊಂಡರು. ನಾಲ್ಕು ವರ್ಷ ಪತ್ರ ಬರೆದೆ, ಮೂರು ಬಾರಿ ಅವರ ಬಾಗಿಲಿಗೆ ಹೋಗಿ ಕುಳಿತೆ. ಆ ಹಣ ಇದ್ದಿದ್ದರೆ ನಿಮ್ಮ ಅಜ್ಜಿಯ ಕಣ್ಣಿನ ಶಸ್ತ್ರಚಿಕಿತ್ಸೆಯನ್ನು ಒಂದು ವರ್ಷ ಮುಂದೂಡಬೇಕಾಗುತ್ತಿರಲಿಲ್ಲ. ಎರಡು ಖಂಡಗಳ ಜಗಳವನ್ನು ತೋರಿಸಿ ನನ್ನ ಮನೆಯ ಅನ್ನವನ್ನು ಕಿತ್ತುಕೊಂಡರಲ್ಲ ಎಂಬುದು ಇವತ್ತಿಗೂ ಎದೆಯಲ್ಲಿದೆ.

ನೋಡು, ಹೇಳಬೇಕಾದ್ದೇ ಉಳಿದುಹೋಯಿತು. ಮಾತಿನ ಜಗಳ ಬೇರೆ, ಸುಂಕ ಬೇರೆ. ಸುಂಕ ನಿಜವಾಗಿ ಕೆಲಸ ತಿನ್ನುತ್ತದೆ. ಅಮೆರಿಕ ಯುರೋಪಿನ ಕಾರುಗಳಿಗೆ ಮೊದಲು 2.5% ಹಾಕುತ್ತಿತ್ತು, 2025ರ ಏಪ್ರಿಲ್‌ನಲ್ಲಿ ಅದು 27.5% ಆಯಿತು, ಜುಲೈನಲ್ಲಿ ಸ್ಕಾಟ್ಲೆಂಡಿನ ಟರ್ನ್‌ಬೆರಿಯಲ್ಲಿ ಟ್ರಂಪ್ ಮತ್ತು ಯುರೋಪಿಯನ್ ಕಮಿಷನ್ನಿನ ಅಧ್ಯಕ್ಷೆ ಫಾನ್ ಡೆರ್ ಲೇಯೆನ್ ಕುಳಿತು 15%ಕ್ಕೆ ಒಪ್ಪಿಕೊಂಡರು. ಆದ್ದರಿಂದ ಆ ಕಂಪನಿಯವರನ್ನು ನೇರವಾಗಿ ಕೇಳು: ನಿನ್ನ ವಿಭಾಗದ ಸರಕಿನಲ್ಲಿ ಎಷ್ಟು ಪಾಲು ಅಮೆರಿಕಕ್ಕೆ ಹೋಗುತ್ತದೆ, ಅವರಿಗೆ ಅಲ್ಲೇ ಕಾರ್ಖಾನೆ ಇದೆಯೇ? ಜರ್ಮನಿಯಲ್ಲಿ ಪ್ರೊಬೇಷನ್ ಆರು ತಿಂಗಳವರೆಗೂ ಇರಬಹುದು, ಆ ಅವಧಿಯಲ್ಲಿ ಎರಡು ವಾರದ ನೋಟಿಸಿನಲ್ಲಿ ಕೆಲಸದಿಂದ ತೆಗೆಯಬಹುದು. ಆ ಪ್ರೊಬೇಷನ್ ಅವಧಿಯನ್ನು ಕಡಿಮೆ ಮಾಡುತ್ತಾರೆಯೇ ಎಂದು ವಿಚಾರಿಸು. ಉದ್ಯೋಗದಾತ ಎಂದು ಪತ್ರದಲ್ಲಿ ಯಾರ ಹೆಸರಿದೆ, ಕಂಪನಿಯದೋ ಮಧ್ಯವರ್ತಿಯದೋ, ಅದನ್ನು ಎರಡು ಸಲ ಓದು. ಸಹಿಯಾದ ಕರಾರು ಮತ್ತು ವೀಸಾ ಎರಡೂ ಕೈಗೆ ಬರುವವರೆಗೆ ಬೆಂಗಳೂರಿನ ಕೆಲಸಕ್ಕೆ ರಾಜೀನಾಮೆ ಕೊಡಬೇಡ. ಆ ಕರಾರಿನ ಪ್ರತಿಯನ್ನು ನಾಳೆ ಸಂಜೆಯೊಳಗೆ ನನಗೆ ಕಳಿಸು, ಜರ್ಮನ್ ಭಾಷೆಯಲ್ಲಿರುವ ಪುಟಗಳನ್ನೂ ಸೇರಿಸಿ.