ಆಂಪ್ಲಿಫೈಯರಿಗೆ ಬಿಪಿ

"352.1!" ಅಂತ ಗೋಪಿ ಕೂಗಿದ, ತಾನೇ ಜೋಡಿಸುತ್ತಿದ್ದ ಆಂಪ್ಲಿಫೈಯರಿಗೆ ಮೀಟರ್ ಹಿಡಿದು. ಲಾಟರಿ ಹೊಡೆಯಿತೋ ಸಾಲಗಾರ ಬಂದನೋ ಗೊತ್ತಾಗದಂಥ ದನಿ.

"ಜೋಡಿಸೋ ಪುಸ್ತಕದಲ್ಲಿ ಎಷ್ಟಿದೆ?" ಸುಬ್ಬು ಕೇಳಿದ.

"270. ಪ್ಲೇಟ್ ಅನ್ನೋ ಪಿನ್ನಿನಲ್ಲಿ 82 ವೋಲ್ಟ್ ಜಾಸ್ತಿ ಇದೆ ಕಣೋ!"

"ಸುಟ್ಟು ಹೋಗತ್ತೆ ಬಿಡು. ನಾನು ಆವತ್ತೇ ಹೇಳಿದೆ, ರೆಡಿ ಇರೋದು ತಗೋ ಅಂತ."

ಒಳಗಿನಿಂದ ಪದ್ಮ ಕೇಳಿದಳು. "ರೀ, ಹಾಡುತ್ತಾ ಅದು?"

"ಹಾಡೋದೆಲ್ಲ ಆಮೇಲೆ. ಮೊದಲು ವೋಲ್ಟೇಜ್."

"ಹೋದ ವಾರವೂ ಇದನ್ನೇ ಹೇಳಿದ್ರಿ."

ಶಾಮಣ್ಣ ಮೂಲೆಯ ಕುರ್ಚಿಯಲ್ಲಿ ಕೂತು ಗೋಪಿಯ ನೋಟ್‌ಬುಕ್ ತಿರುವಿ ಹಾಕುತ್ತಿದ್ದರು. ಪಿನ್ ನಂಬರಿಗೊಂದು ಸಾಲು. ಬೆಳಗಿನ ರೀಡಿಂಗ್, ರಾತ್ರಿಯ ರೀಡಿಂಗ್. ಜಾಸ್ತಿ ಬಂದದ್ದು ಕೆಂಪು ಶಾಯಿ, ಕಮ್ಮಿ ಬಂದದ್ದು ನೀಲಿ. ಸರಿಯಾಗಿ ಬಂದದ್ದಕ್ಕೆ ಅಂತ ಹಸಿರು ಪೆನ್ನೂ ಇತ್ತು. ಅದರ ಶಾಯಿ ಖರ್ಚೇ ಆಗಿರಲಿಲ್ಲ.

"ಕೆಲವರು ಬಿಪಿ ಮೆಷಿನ್ ಕೊಂಡ ಮೇಲೇ ರೋಗಿಗಳಾಗೋದು," ಅಂದರು ಶಾಮಣ್ಣ. "ನೀನು ಒಂದು ಹೆಜ್ಜೆ ಮುಂದೆ ಹೋಗಿದೀಯ. ಮೀಟರ್ ಕೊಂಡು ಆಂಪ್ಲಿಫೈಯರನ್ನೇ ರೋಗಿ ಮಾಡಿದೀಯ. ಪಾಪ, ಹುಟ್ಟೋ ಮೊದಲೇ ಬಿಪಿ."

"ತಮಾಷೆ ಬೇಡ ಶಾಮಣ್ಣ. 82 ವೋಲ್ಟ್ ಅಂದ್ರೆ ಸುಮ್ನೇನಾ?"

"ಸುಮ್ನೆ ಅಲ್ಲ. ಕ್ಯಾಥೋಡ್ ಎಷ್ಟಿದೆ?"

"0.00. ಪುಸ್ತಕದಲ್ಲಿ 6.6 ಅಂತ ಇದೆ. ಅದಕ್ಕೂ ನಿನ್ನೆಯಿಂದ ನಿದ್ದೆ ಇಲ್ಲ."

"ಪ್ಲೇಟಿನಲ್ಲಿ ಜಾಸ್ತಿ, ಕ್ಯಾಥೋಡಿನಲ್ಲಿ ಸೊನ್ನೆ. ಅಂದ್ರೆ ಪ್ಲೇಟಿಂದ ಕ್ಯಾಥೋಡಿಗೆ ಕರೆಂಟ್ ಹರೀತಾನೇ ಇಲ್ಲ. ದನಿ ದೊಡ್ಡದು ಮಾಡೋ ಆ ಗಾಜಿನ ಟ್ಯೂಬಿನ ಫಿಲಮೆಂಟ್ ಬೆಳಗ್ತಾ ಇದೆಯಾ?"

"ಟ್ಯೂಬ್ ಡಬ್ಬದಲ್ಲಿದೆ."

ಯಾರೂ ಮಾತಾಡಲಿಲ್ಲ. ಸುಬ್ಬು ಕೂಡ.

"ವೋಲ್ಟೇಜ್ ಸರಿಹೋದ ಮೇಲೆ ಹಾಕೋಣ ಅಂತ," ಗೋಪಿ ಮೆಲ್ಲಗೆ ಅಂದ. "ಹೊಸ ಟ್ಯೂಬು ಅಲ್ವಾ?"

"ಟ್ರಾನ್ಸ್‌ಫಾರ್ಮರಿನಿಂದ ಎಸಿ ಎಷ್ಟು ಬರ್ತಿದೆ?"

"ಸರಿಯಾಗಿ 250."

"250ನ್ನ 1.414ರಿಂದ ಗುಣಿಸು, ಎಸಿ ಅಲೆಯ ತುದಿ ಸಿಗುತ್ತೆ. 353 ಚಿಲ್ಲರೆ. ಎಸಿಯನ್ನ ಡಿಸಿ ಮಾಡೋ ಡಯೋಡುಗಳು ದಾರಿಯಲ್ಲಿ ಒಂದೂವರೆ ವೋಲ್ಟ್ ಮುರಿದುಕೊಂಡವು. ಉಳಿದದ್ದು ನಿನ್ನ 352. ಕರೆಂಟ್ ಎಳೆಯೋರು ಯಾರೂ ಇಲ್ಲದಿದ್ರೆ ಕೆಪಾಸಿಟರ್ ಅಲೆಯ ತುದಿಯವರೆಗೂ ತುಂಬಿಕೊಂಡು ಕೂತಿರುತ್ತೆ. ಟ್ಯೂಬು ಹಾಕಿದ್ರೆ ಅದು ಕರೆಂಟ್ ಎಳೆಯುತ್ತೆ, ರೆಸಿಸ್ಟರುಗಳಲ್ಲಿ ವೋಲ್ಟೇಜ್ ಬಿದ್ದು ಕೆಳಗೆ ಬರುತ್ತೆ. ನಿನ್ನ ಪುಸ್ತಕದಲ್ಲಿ ಎರಡು ಪಟ್ಟಿ ಇದೆ, ನೋಡು. ಒಂದು ಟ್ಯೂಬಿಲ್ಲದೆ, ಇನ್ನೊಂದು ಟ್ಯೂಬು ಹಾಕಿ. ನೀನು ಓದ್ತಾ ಇರೋದು ಎರಡನೇದು."

ಗೋಪಿ ಪುಟ ಹಿಂದಕ್ಕೆ ತಿರುಗಿಸಿದ. 350 ಅಂತ ಇತ್ತು. ಮುಖ ಅರಳಿತು. ಮರುಕ್ಷಣವೇ ಬಾಡಿತು.

"ಆದ್ರೂ 2.1 ಜಾಸ್ತಿ!"

"ನೋಡಿದ್ರಾ?" ಅಂದ ಸುಬ್ಬು. "ನಾನು ಹೇಳಿದ್ದೇ ಸರಿ."

ಸುಬ್ಬು ಏನು ಹೇಳಿದ್ದ ಅಂತ ಯಾರೂ ಕೇಳಲಿಲ್ಲ.

ಗೋಪಿ ಪ್ಲಗ್ ಕಿತ್ತು ಟ್ಯೂಬಿನ ಡಬ್ಬಕ್ಕೆ ಕೈ ಹಾಕಿದ. ಶಾಮಣ್ಣ ಅವನ ಮಣಿಕಟ್ಟು ಹಿಡಿದರು. "ಪ್ಲಗ್ ಕಿತ್ತಿದ್ದು ನಿನಗೆ ಗೊತ್ತು. ಕೆಪಾಸಿಟರಿಗೆ ಗೊತ್ತಿಲ್ಲ. ಅದರೊಳಗೆ ಇನ್ನೂ ಆ 352 ಕೂತಿದೆ." ರೆಸಿಸ್ಟರ್ ಬೆಸೆದ ಕ್ಲಿಪ್ಪಿನ ತಂತಿ ತಗೊಂಡರು. ಒಂದು ಕೊನೆ ಆಂಪ್ಲಿಫೈಯರಿನ ಲೋಹದ ಚಾಸಿಗೆ, ಇನ್ನೊಂದು ಕೆಪಾಸಿಟರಿನ ಪಾಸಿಟಿವ್‌ಗೆ. ಎಡಗೈ ಜೇಬಿನಲ್ಲೇ ಇತ್ತು. ಮೀಟರಿನ ಅಂಕಿ 300, 180, 60, 12 ಅಂತ ಜಾರಿ ಸೊನ್ನೆಯ ಹತ್ತಿರ ನಿಂತಿತು.

"ಮೀಟರ್ ಇರೋದು ಇಂಥದ್ದಕ್ಕೆ. ಮುಟ್ಟಬಹುದಾ, ಮುಟ್ಟಬಾರದಾ? ಪ್ರಶ್ನೆ ಇತ್ತು, ಉತ್ತರ ಕೊಡ್ತು. ನಿಮ್ಮದು ಈಗ ಪ್ರಶ್ನೆ ಇಲ್ಲದ ಉತ್ತರಗಳ ಕಾಲ. ಮೂರು ದಶಮಾಂಶದವರೆಗೆ ಉತ್ತರ."

"ನಿಖರತೆ ಬೇಡ್ವಾ ಶಾಮಣ್ಣ?"

"ನಿನ್ನ ರೆಸಿಸ್ಟರಿನ ಮೇಲೆ ಚಿನ್ನದ ಬಣ್ಣದ ಪಟ್ಟಿ ಇದೆ. ಐದು ಪರ್ಸೆಂಟ್ ಹೆಚ್ಚುಕಮ್ಮಿ ಇರ್ತೀನಿ ಅಂತ ಅದೇ ಒಪ್ಪಿಕೊಂಡಿದೆ. ನೀನು ಅದರ ಹತ್ತಿರ ಮೂರನೇ ದಶಮಾಂಶ ಕೇಳ್ತೀಯ. ಇನ್ನೊಂದು ವಿಷಯ. ಡಾಕ್ಟರನ್ನ ನೋಡಿದ ಕೂಡಲೇ ಬಿಪಿ ಏರುವ ಜನ ಇದ್ದಾರೆ ತಾನೇ? ಸರ್ಕ್ಯೂಟೂ ಹಾಗೇ. ನಿನ್ನ ಮೀಟರಿನ ಒಳಗೆ 10 ಮೆಗಾಓಮ್ ಇದೆ. 1 ಮೆಗಾಓಮ್ ರೆಸಿಸ್ಟರಿನ ಹಿಂದಿರೋ ವೋಲ್ಟೇಜ್ ಅಳೆದ್ರೆ, ಹನ್ನೊಂದರಲ್ಲಿ ಒಂದು ಪಾಲು ಅಳೆಯುವಾಗಲೇ ಬಿದ್ದುಹೋಗುತ್ತೆ. ಅದನ್ನ ನೀನು ನೀಲಿ ಶಾಯಿಯಲ್ಲಿ ಬರೀತೀಯ. ಮೀಟರ್ ತೆಗೆದ ಕೂಡಲೇ ಅದು ಆರೋಗ್ಯವಾಗಿ ಎದ್ದು ಕೂರುತ್ತೆ."

ಟ್ಯೂಬು ಹಾಕಿದರು. ಶಾಮಣ್ಣ ಸ್ಪೀಕರ್ ತಂತಿ ಎಳೆದು ನೋಡಿದರು. ಸ್ಪೀಕರ್ ಇಲ್ಲದೆ ಹಾಡಿಸಹೋದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿಗೇ ಗಂಡಾಂತರ. ಸ್ವಿಚ್ ಒತ್ತಿದರು. ಫಿಲಮೆಂಟು ನಿಧಾನವಾಗಿ ಕೆಂಪಾಯಿತು. ಗೋಪಿ ಅದನ್ನು ನೋಡಲಿಲ್ಲ. ಮೀಟರ್ ನೋಡುತ್ತಿದ್ದ.

"281! 270 ಇರಬೇಕಿತ್ತು. ಕ್ಯಾಥೋಡ್ 6.9!"

"ಗೋಡೆಯ ಪ್ಲಗ್ಗಿನಲ್ಲಿ ಎಷ್ಟು?"

"240. ಆಗಿಂದ ಏರಿದೆ."

"ಪುಸ್ತಕದವರು 230ರಲ್ಲಿ ಅಳೆದಿದ್ದಾರೆ. ಅಲ್ಲೇ ನಾಲ್ಕು ಪರ್ಸೆಂಟ್ ಜಾಸ್ತಿ, ಇಲ್ಲೂ ನಾಲ್ಕು ಪರ್ಸೆಂಟ್ ಜಾಸ್ತಿ. ಒಂದೇ ಒಂದು ಲೆಕ್ಕ ಮಾಡೋಣ. ಕ್ಯಾಥೋಡ್ ರೆಸಿಸ್ಟರ್ 150 ಓಮ್. 6.9ನ್ನ 150ರಿಂದ ಭಾಗಿಸಿದ್ರೆ 46 ಮಿಲಿಆಂಪ್. ಸ್ಕ್ರೀನ್ ಗ್ರಿಡ್ ಅನ್ನೋ ಇನ್ನೊಂದು ಪಿನ್ನಿನ ಪಾಲು ಸುಮಾರು 5 ಕಳೆದ್ರೆ ಪ್ಲೇಟಿಗೆ 41. ಪ್ಲೇಟಿಂದ ಕ್ಯಾಥೋಡಿಗೆ 274 ವೋಲ್ಟ್. ಗುಣಿಸು. ಹನ್ನೊಂದು ವಾಟ್ ಚಿಲ್ಲರೆ. ನಿನ್ನ ಈ ಇಎಲ್84 ಟ್ಯೂಬಿನ ಪ್ಲೇಟು 12 ವಾಟ್ ತಡೆಯುತ್ತೆ. ರೋಗಿ ಚೆನ್ನಾಗಿದ್ದಾನೆ. ಡಿಸ್ಚಾರ್ಜ್ ಮಾಡು."

"ಆದ್ರೆ ಆ ಹನ್ನೊಂದು ವೋಲ್ಟ್..."

"ಅಯ್ಯೋ ಮಾರಾಯ!"

ಶಾಮಣ್ಣ ಸ್ವಲ್ಪ ಹೊತ್ತು ಆ ಕೆಂಪು ಬೆಳಕನ್ನೇ ನೋಡುತ್ತಾ ಕೂತರು. "ಆಗೆಲ್ಲ ನಾನು ರೇಡಿಯೋ ಬಿಚ್ಚಿದ್ರೆ ಮನೆಯವರೆಲ್ಲ ಸುತ್ತ ನೆಲದ ಮೇಲೆ ಕೂತುಬಿಡೋರು. ನನ್ನ ಹತ್ತಿರ ಒಂದು ಮುಳ್ಳಿನ ಮೀಟರ್ ಇತ್ತು. ಮುಳ್ಳು ಸುಮಾರಾಗಿ ಅಲ್ಲಿಗೆ ಬಂದ್ರೆ ಆಯ್ತು. ಸುಮಾರು ಅನ್ನೋದೂ ಒಂದು ಅಳತೆಯೇ ಆಗ. ನಾನು ಮುಳ್ಳು ನೋಡ್ತಿದ್ದೆ, ಅವರೆಲ್ಲ ನನ್ನ ಮುಖ ನೋಡೋರು. ಸ್ಪೀಕರಿನಿಂದ ಮೊದಲ ಕರಕರ ಬಂದ ಕೂಡಲೇ ಮಕ್ಕಳು ಚಪ್ಪಾಳೆ ಹೊಡೆಯೋರು. ಸ್ಟೇಷನ್ ಇನ್ನೂ ಸಿಕ್ಕೇ ಇರಲ್ಲ, ಬರೀ ಕರಕರಕ್ಕೆ! ಆ ಮಕ್ಕಳಲ್ಲಿ ಈಗ ಒಬ್ಬರೂ ಇಲ್ಲಿಲ್ಲ."

ಪದ್ಮ ಬಾಗಿಲಿಗೆ ಬಂದು ನಿಂತಿದ್ದಳು. "ಕೊನೆಗೂ ಹಾಡುತ್ತಾ ಇಲ್ವಾ ಅದು?"

"ಬಾಮ್ಮ," ಅಂದರು ಶಾಮಣ್ಣ. "ಈ ಮನೆಯಲ್ಲಿ ಸರಿಯಾದ ಪ್ರಶ್ನೆ ಕೇಳಿದೋಳು ನೀನೊಬ್ಬಳೇ. ವಾಲ್ಯೂಮ್ ಸ್ವಲ್ಪ ತಿರುಗಿಸು. ಈ ಇನ್‌ಪುಟ್ ತಂತಿಯ ತುದಿಗೆ ಬೆರಳು ಮುಟ್ಟಿಸು. ಹೆದರಬೇಡ, ಆ ದೊಡ್ಡ ವೋಲ್ಟೇಜ್ ಇಲ್ಲಿಗೆ ಬರಲ್ಲ."

ಪದ್ಮ ಮುಟ್ಟಿದಳು. ಸ್ಪೀಕರ್ ಗುಂಯ್ ಅಂತು. ಬೆರಳು ತೆಗೆದಳು, ನಿಂತಿತು. ಮತ್ತೆ ಮುಟ್ಟಿದಳು. ಗುಂಯ್. ಜೋರಾಗಿ ನಕ್ಕಳು. ಸುಬ್ಬುಗೆ ತಡೆಯಲಾಗಲಿಲ್ಲ, "ನಾನೊಂದ್ಸಲ, ನಾನೊಂದ್ಸಲ" ಅಂತ ಬಂದ.

"ಎಲ್ಲ ಸ್ಟೇಜೂ ಜೀವಂತವಾಗಿದೆ ಅಂತ ಇದರ ಅರ್ಥ," ಅಂದರು ಶಾಮಣ್ಣ. "ಹಾಡು ಹಾಕಿ ಇನ್ನು."

"ಒಂದು ನಿಮಿಷ," ಅಂದ ಗೋಪಿ. ಮೀಟರನ್ನು ಎಸಿಗೆ ತಿರುಗಿಸಿಯಾಗಿತ್ತು. "ಪದ್ಮ, ಬೆರಳು ಅಲ್ಲೇ ಇಟ್ಟಿರು. ಈ ಗುಂಯ್ ಎಷ್ಟು ಮಿಲಿವೋಲ್ಟ್ ಇದೆ ನೋಡಿಬಿಡ್ತೀನಿ."

ಶಾಮಣ್ಣ ಎದ್ದು ಬಂದರು. ಮೀಟರ್ ಕೈಯಿಂದ ಇಸಿದುಕೊಂಡರು. ಹಿಂದಿನ ಮುಚ್ಚಳ ತೆಗೆದು, ಬ್ಯಾಟರಿ ಕಿತ್ತು, ಜೇಬಿಗೆ ಹಾಕಿಕೊಂಡರು.

"ಪರವಾಗಿಲ್ಲ ಶಾಮಣ್ಣ," ಅಂದ ಗೋಪಿ. "ಇನ್ನೊಂದು ಮೀಟರ್ ಇದೆ. ಈ ಮೀಟರ್ ಸರಿ ತೋರಿಸುತ್ತಾ ಅಂತ ನೋಡೋಕೆ ತರಿಸಿದ್ದು."